ಯೂರಿಯಾ ಮುಟ್ಟದ ಮನೆ

ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಯ ಕೂಸಿಗೆ ನೀರು ಹಾಕಿ ಮುಗಿಸಿದ ಬೆಳ್ಳಮ್ಮಜ್ಜಿ ಹಿತ್ತಿಲ ಬಾಗಿಲಿನಿಂದ ಹೊಂಬಾಳಮ್ಮನ ಅಡುಗೆಮನೆಗೆ ನುಸುಳಿದಳು. ಮುಂಬಾಗಿಲಿನಿಂದ ಬಂದರೆ ಆ ಮನೆಯವರ ಕಣ್ಣಿಗೆ ಬೀಳುತ್ತಾಳೆ. ಬಿದ್ದರೆ ನಾಳೆಯಿಂದ ಅವಳನ್ನೂ ಕರೆಯುವುದಿಲ್ಲ. ಎಪ್ಪತ್ತೈದರ ಮುದುಕಿಯನ್ನು ಕಳ್ಳಿಯ ಹಾಗೆ ಓಡಾಡಿಸುವ ಜಗಳವಿತ್ತು ಆ ಎರಡು ಮನೆಗಳ ನಡುವೆ.

“ಒಕ್ಳು ಒಣಗ್ತಾ ಇಲ್ಲ ಕಣವ್ವ,” ಎಂದಳು ಬೆಳ್ಳಮ್ಮಜ್ಜಿ, ಏದುಸಿರು ಬಿಡುತ್ತ. “ಬಳ್ಳಿ ಬಿದ್ ದಿನ ಚೆನ್ನಾಗೇ ಇತ್ತು. ಮಾರ್ನೆ ದಿನದಿಂದ ಜಿನುಗ್ತಾ ಐತೆ. ಮದ್ದೂರ್ಗೆ ಓಗಿ ಪಟ್ಟಿ ಕಟ್ಟಿಸ್ಕ ಬಂದವ್ರೆ. ರಕ್ತ ಟೆಸ್ಟ್ ಮಾಡಿ ಎಲ್ಲಾ ನಾರ್ಮಲ್ ಅಂದವ್ರಂತೆ. ಇವತ್ತು ಪಟ್ಟಿ ಬಿಚ್ತೀನಿ, ಪೂರಾ ಕೆಂಪು. ನಿಂಗ್ ಯೋಳ್ದೆ ಇರಕ್ಕೆ ಮನಸ್ ಬರ್ನಿಲ್ಲ.”

ಹೊಂಬಾಳಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. ಬಳ್ಳಿ ಬಿದ್ದ ದಿನ ಹೊಕ್ಕುಳು ಒಣಗಿ, ಮಾರನೆಯ ದಿನ ಜಿನುಗುವುದು. ಟೆಸ್ಟು ಮಾಡಿದರೆ ಎಲ್ಲ ನಾರ್ಮಲ್. ಈ ಎರಡು ಮಾತು ಆ ಮನೆಯಿಂದ ಕೇಳಿಬರದಿರಲಿ ಎಂದು ಅವಳು ಅಲ್ಲಿನ ಸೊಸೆ ಬಸುರಿಯಾದ ದಿನದಿಂದ ಕಂಡ ದೇವರಿಗೆಲ್ಲ ಕೈಮುಗಿದಿದ್ದಳು. ದೇವರಿಗೆ ಅವಳ ಮೇಲೆ ಏನು ಸಿಟ್ಟೋ, ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿಸಿದ.

ಆ ಕೂಸೇನೂ ಹೊರಗಿನದಲ್ಲ. ಹೊಂಬಾಳಮ್ಮನ ಗಂಡ ಕೆಂಪರಾಜು, ಪಕ್ಕದ ಮನೆಯ ನಾಗರಾಜು ಒಡಹುಟ್ಟಿದವರು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡವರು. ಕೂಸು ನಾಗರಾಜುವಿನ ಮಗ ಜಯಪ್ರಕಾಶನದು. ಹುಟ್ಟಿ ಹನ್ನೊಂದು ದಿನವಾಗಿತ್ತು. ಅದರ ಅಳು ಗೋಡೆಯಾಚೆಯಿಂದ ಕೇಳುತ್ತಿತ್ತೇ ಹೊರತು ಹೊಂಬಾಳಮ್ಮ ಇನ್ನೂ ಮುಖ ನೋಡಿರಲಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟು ಒಂಬತ್ತು ವರ್ಷ. ನನ್ನ ಮಗಳನ್ನು ಕೊಂದವನು ಅವನೇ ಎಂದು ಕೆಂಪರಾಜು ಕೊಪ್ಪದಿಂದ ಮದ್ದೂರಿನವರೆಗೆ ಹೇಳಿಕೊಂಡು ಬಂದಿದ್ದ.

ಹೊಂಬಾಳಮ್ಮನಿಗೆ ಈಗ ನಲವತ್ತೆಂಟು. ಎಳೆಮಕ್ಕಳಿಗೆ ನೀರು ಹಾಕುವುದು ಅವಳ ಕಸುಬು. ಕಲಿಸಿದವಳು ಇದೇ ಬೆಳ್ಳಮ್ಮಜ್ಜಿ. ಮಣೆಯ ಮೇಲೆ ಕೂತು, ನೀಡಿದ ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹುಯ್ಯುವಾಗ ಕೂಸು ಕಿರುಚುತ್ತದೆ, ಬಾಣಂತಿ ಒಳಗೆ ಅಳುತ್ತಾಳೆ, ಅಜ್ಜಿ ಗದರುತ್ತಾಳೆ. ನೀರು ಹಾಕುವವಳು ಯಾರಿಗೂ ಕಿವಿಗೊಡದೆ ಕೆಲಸ ಮುಗಿಸಬೇಕು. ಸುತ್ತಿನ ಐದಾರು ಹಳ್ಳಿಗಳಲ್ಲಿ ಅವಳ ಕೈಗೆ ಒಳ್ಳೆಯ ಹೆಸರಿತ್ತು. ಇತ್ತು ಎಂದೇ ಹೇಳಬೇಕು. ಯಾಕೆಂದರೆ ಅವಳು ಕೂಸನ್ನು ಕೈಗೆತ್ತಿಕೊಂಡ ತಕ್ಷಣ ಯಾರ ಮೂಗು ಯಾರ ಬಣ್ಣ ಎಂದು ನೋಡುವುದು ಬಿಟ್ಟು ಹೊಕ್ಕುಳು ನೋಡುತ್ತಾಳೆ. ಬಳ್ಳಿ ಬಿದ್ದ ಮೇಲೆ ಒಂದು ವಾರ ಬಟ್ಟೆ ಬಿಚ್ಚಿ ಬಿಚ್ಚಿ ನೋಡುತ್ತಾಳೆ. ಸಾಲದ್ದಕ್ಕೆ, ಅತ್ತೆ ಸೊಸೆ ಸಂತೋಷವಾಗಿ ಕೂತಿರುವಾಗ, “ನಿಮ್ ಮನೇಲಿ ಮೊದ್ಲು ಯಾವ್ದಾದ್ರೂ ಕೂಸು ಒಕ್ಳಲ್ಲಿ ರಕ್ತ ಬಂದು ಓಗಿತ್ತಾ?” ಎಂದು ಕೇಳಿಬಿಡುತ್ತಾಳೆ. ಹೀಗೆ ಕೇಳುವವಳನ್ನು ಯಾರು ತಾನೇ ಮನೆಗೆ ಸೇರಿಸುತ್ತಾರೆ? ಹೊಂಬಾಳಮ್ಮ ಕಾಲಿಟ್ಟ ಮನೆಗೆ ಆಸ್ಪತ್ರೆ ಗ್ಯಾರಂಟಿ ಎಂದು ಡೇರಿಯ ಮುಂದೆ ಹಾಲಿನ ಕ್ಯಾನಿಟ್ಟುಕೊಂಡು ಸಾಲಿನಲ್ಲಿ ನಿಂತ ಹೆಂಗಸರು ಆಡಿಕೊಂಡರು. ವರ್ಷಕ್ಕೆ ಇಪ್ಪತ್ತು ಮನೆ ಇದ್ದದ್ದು ಐದಾರಕ್ಕೆ ಇಳಿಯಿತು.

ಆದರೂ ಅವಳು ಬಿಡಲಿಲ್ಲ. ರಕ್ತ ನಿಲ್ಲದ ಕಾಯಿಲೆಯವರ ಸಂಘವೊಂದು ಮಂಡ್ಯದಲ್ಲಿದೆ. ಆ ಸಂಘಕ್ಕೆ ಅವಳು ಈ ವರ್ಷಗಳಲ್ಲಿ ನಾಲ್ಕು ಮಕ್ಕಳನ್ನು ತಲುಪಿಸಿದ್ದಳು: ಮಳವಳ್ಳಿ ಕಡೆಯ ಒಂದು, ದುದ್ದದ ಅಕ್ಕತಂಗಿಯರು ಇಬ್ಬರು, ಮದ್ದೂರಿನ ಒಂದು. ನಾಲ್ಕೂ ಬದುಕಿವೆ. ಆ ಮನೆಗಳಲ್ಲೂ ಅವಳು ಮೊದಲು ಬೈಸಿಕೊಂಡೇ ಬಂದವಳು. ಒಪ್ಪಿಸಲು ಕೊನೆಗೆ ಅವಳ ಬಳಿ ಇದ್ದದ್ದು ಒಂದೇ ಕಥೆ. ‘ನನ್ನ ಮಗಳಿಗೂ ಇದೇ ಕಾಯಿಲೆ ಇತ್ತು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಬದುಕಿರುತ್ತಿದ್ದಳು.’ ಇದನ್ನು ಹೇಳುವಾಗ ಕೇಳಿದವರ ಕಣ್ಣು ತುಂಬುತ್ತಿತ್ತು. ಕಥೆ ಸುಳ್ಳು ಎಂಬುದು ಆ ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಂಜುಶ್ರೀ ಅವಳ ಒಬ್ಬಳೇ ಮಗಳು. ಹೊಕ್ಕುಳಿನಿಂದ ಹಿಡಿದು ಹಲ್ಲು ಬೀಳುವವರೆಗೆ ಎಲ್ಲಕ್ಕೂ ರಕ್ತ. ಬಿದ್ದಾಗ ಬರುತ್ತಿರಲಿಲ್ಲ, ಮಾರನೆಯ ದಿನ ಬರುತ್ತಿತ್ತು. ತಿರುಗದ ಆಸ್ಪತ್ರೆಯಿಲ್ಲ, ಮಾಡಿಸದ ಟೆಸ್ಟಿಲ್ಲ. ಎಲ್ಲ ಕಡೆ ನಾರ್ಮಲ್. ಹುಡುಗಿಗೆ ಹನ್ನೆರಡು ತುಂಬಿದಾಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕಾಯಿಲೆ ಹಿಡಿದರು. ಕೆಂಪರಾಜುವನ್ನೂ ಹೊಂಬಾಳಮ್ಮನನ್ನೂ ಕೂರಿಸಿಕೊಂಡು ವಿವರಿಸಿದರು. ನಿಮ್ಮ ಮಗಳ ರಕ್ತ ಎಲ್ಲರ ಹಾಗೆ ಹೆಪ್ಪುಗಟ್ಟುತ್ತೆ, ಆದರೆ ಆ ಹೆಪ್ಪು ಗಟ್ಟಿ ನಿಲ್ಲಲ್ಲ. ಯೂರಿಯಾದಲ್ಲಿ ಹಾಕಿ ನೋಡಿದೆವು, ಕರಗಿಹೋಯಿತು. ಹದಿಮೂರನೇ ಫ್ಯಾಕ್ಟರ್ ಅನ್ನೋ ಅಂಶ ಇಲ್ಲ. ನಾಲ್ಕು ವಾರಕ್ಕೊಮ್ಮೆ ಬನ್ನಿ, ರಕ್ತದಿಂದ ತೆಗೆದ ಆ ಅಂಶ ಏರಿಸುತ್ತೇವೆ, ಮದುವೆ ಮಕ್ಕಳು ಎಲ್ಲ ಆಗುತ್ತೆ, ಹೆದರಬೇಡಿ ಎಂದರು.

ಗದ್ದೆಯವರ ಕಿವಿಗೆ ಇಷ್ಟರಲ್ಲಿ ಯಾವ ಮಾತು ಬಿದ್ದೀತು? ಯೂರಿಯಾ. ಹೆಪ್ಪಾಗಲಿ ಫ್ಯಾಕ್ಟರಾಗಲಿ ಅವರು ಕಂಡವರಲ್ಲ, ಯೂರಿಯಾ ಮಾತ್ರ ದಿನಾ ಕಾಣುವ ವಸ್ತು. ಭತ್ತಕ್ಕೆ, ಕಬ್ಬಿಗೆ ಮೂಟೆ ಮೂಟೆ ಚೆಲ್ಲುವುದು, ಖಾಲಿ ಚೀಲದಲ್ಲಿ ರಾಗಿ ತುಂಬುವುದು, ಹುಡುಗಿ ಅದರ ಮೇಲೆ ಮಲಗುವುದು. ಮಗಳ ರಕ್ತವನ್ನು ಕರಗಿಸುತ್ತಿದ್ದದ್ದು ತಮ್ಮ ಮನೆಯ ಯೂರಿಯಾ! ಬಸ್ಸಿನಲ್ಲಿ ವಾಪಸು ಬರುವಾಗಲೇ ಗಂಡ ಹೆಂಡತಿ ಇಬ್ಬರೂ ತೀರ್ಮಾನ ಮಾಡಿಬಿಟ್ಟಿದ್ದರು. ಕೆಂಪರಾಜು ಇದ್ದ ಮೂಟೆಗಳನ್ನು ಅಂದೇ ಸಾಗಹಾಕಿದ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಕೇಂದ್ರಕ್ಕೆ ಹೋಗಿ ಹಸಿರೆಲೆ ಗೊಬ್ಬರದ ಬೀಜ ತಂದು ಬಿತ್ತಿದ. ಊರು ನಕ್ಕಿತು, ಬೆಳೆ ಕುಗ್ಗಿತು, ಅವನು ಜಗ್ಗಲಿಲ್ಲ. ಮೂರು ತಿಂಗಳು ಬೆಂಗಳೂರಿಗೆ ಕರೆದುಕೊಂಡು ಹೋಗಿ ಏರಿಸಿಕೊಂಡು ಬಂದರು. ಹುಡುಗಿಯ ಮೈಮೇಲೆ ಒಂದು ನೀಲಿ ಕಲೆಯಿಲ್ಲ. ನೋಡಿದೆಯಾ, ಯೂರಿಯಾ ಹೋಯಿತು ಕಾಯಿಲೆ ಹೋಯಿತು ಎಂದರು. ನಾಲ್ಕನೇ ತಿಂಗಳು ಮಗಳಿಗೆ ಪರೀಕ್ಷೆಯಿತ್ತು. ಹೊಂಬಾಳಮ್ಮ ಹೋಗುವುದು ಬೇಡವೆಂದಳು. ಐದನೇ ತಿಂಗಳು ಯಾರೂ ಆ ಮಾತೇ ಎತ್ತಲಿಲ್ಲ.

ಇನ್ನೆಂಟು ತಿಂಗಳು ಮಂಜುಶ್ರೀ ಕುಣಿದಾಡಿಕೊಂಡಿದ್ದಳು. ನಾಟಿಯ ಕಾಲಕ್ಕೆ ನಾಗರಾಜು ತನ್ನ ಗದ್ದೆಗೆಂದು ತಂದ ಯೂರಿಯಾ ಮೂಟೆಗಳನ್ನು ಎರಡೂ ಮನೆಗೆ ಸೇರಿದ ಜಗಲಿಯ ಮೇಲೆ ಒಟ್ಟಿದ. ಹುಡುಗಿ ಅದರ ಮೇಲೆ ಹತ್ತಿ ಕೂತು ಚಿಕ್ಕಪ್ಪನ ಜೊತೆ ಹರಟೆ ಹೊಡೆದಳು. ಮಾರನೆಯ ದಿನ ತಲೆನೋವು, ವಾಂತಿ. ಮಧ್ಯಾಹ್ನಕ್ಕೆ ಪ್ರಜ್ಞೆಯಿಲ್ಲ. ಮಂಡ್ಯ ತಲುಪುವಷ್ಟರಲ್ಲಿ ತಲೆಯೊಳಗೆ ರಕ್ತ ತುಂಬಿ ಹೋಗಿಬಿಟ್ಟಳು. ಎರಡು ದಿನ ಮೊದಲು ಅವಳು ತಗ್ಗಿನ ತಲೆಬಾಗಿಲಿಗೆ ಹಣೆ ಬಡಿಸಿಕೊಂಡದ್ದನ್ನು ಹೊಂಬಾಳಮ್ಮ ಕಂಡಿದ್ದಳು. ಕೆಂಪರಾಜು ಕಂಡದ್ದು ಯೂರಿಯಾ ಮೂಟೆ ಮಾತ್ರ. ಬೇಕೆಂತಲೇ ತಂದು ಒಟ್ಟಿದ, ನನ್ನ ಮಗಳನ್ನು ಅದರ ಮೇಲೆ ಕೂರಿಸಿ ಕೊಂದ ಎಂದು ಬೀದಿಯಲ್ಲಿ ನಿಂತು ಕೂಗಾಡಿದ. ಅಂದಿನಿಂದ ಈ ಮನೆಯವರು ಆ ಮನೆಗೆ ಹೋಗಿಲ್ಲ.

ಮಗಳು ಹೋದ ಮರುವರ್ಷ ಆಸ್ಪತ್ರೆಯ ಚೀಟಿಯಲ್ಲಿದ್ದ ನಂಬರು ಹುಡುಕಿ ಸಂಘದವರು ಫೋನ್ ಮಾಡಿ ಮಂಡ್ಯದ ಸಭೆಗೆ ಕರೆದರು. ಹೊಂಬಾಳಮ್ಮ ಒಬ್ಬಳೇ ಹೋದಳು. ಡಾಕ್ಟರಮ್ಮನೊಬ್ಬರು ಗೋಡೆಯ ಮೇಲೆ ಚಿತ್ರ ತೋರಿಸಿ, ಗಾಜಿನ ನಳಿಕೆಯ ಹೆಪ್ಪು ಯೂರಿಯಾದಲ್ಲಿ ಹೇಗೆ ಕರಗುತ್ತದೆಂದು ವಿವರಿಸುತ್ತಿದ್ದರು. ಮಳವಳ್ಳಿ ಕಡೆಯ ಗೌಡನೊಬ್ಬ ಎದ್ದು ನಿಂತ. “ಅಂಗಾರೆ ಗದ್ದೆಗ್ ಯೂರಿಯಾ ಆಕ್ಬಾರ್ದಾ ಮೇಡಮ್ಮೋರೆ?” ಸಭೆಗೆ ಸಭೆಯೇ ನಕ್ಕಿತು. ಡಾಕ್ಟರಮ್ಮನೂ ನಕ್ಕು, “ಧಾರಾಳವಾಗಿ ಹಾಕಿ ಗೌಡ್ರೇ, ಅದು ಲ್ಯಾಬಿನ ಪರೀಕ್ಷೆ ಅಷ್ಟೆ, ಗದ್ದೆಗೂ ಕಾಯಿಲೆಗೂ ಸಂಬಂಧವೇ ಇಲ್ಲ. ತಿಂಗಳ ಡೋಸ್ ತಪ್ಪಿಸಿದರೆ ಮಾತ್ರ ಜೀವಕ್ಕೆ ಅಪಾಯ,” ಎಂದರು. ನಗದೆ ಕೂತವಳು ಹೊಂಬಾಳಮ್ಮ ಒಬ್ಬಳೇ. ಆಮೇಲೆ ತಟ್ಟೆಯಲ್ಲಿ ವಡೆ ಕೊಟ್ಟರು, ಅವಳು ಅದನ್ನು ಕೈಯಲ್ಲೇ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದಳು.

ಮನೆಗೆ ಬಂದು ಗಂಡನಿಗೆ ಹೇಳಬೇಕಿತ್ತು. ಹೇಳಲಿಲ್ಲ. ತಮ್ಮನ ಮೇಲಿನ ಹಗೆಯೊಂದನ್ನು ಹಿಡಿದುಕೊಂಡು ಅವನು ಊಟ ಮಾಡುತ್ತಿದ್ದ, ಗದ್ದೆಗೆ ಹೋಗುತ್ತಿದ್ದ, ಬದುಕುತ್ತಿದ್ದ. ಅದನ್ನು ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು? ಹೀಗೆಂದು ತನಗೆ ತಾನೇ ಹೇಳಿಕೊಂಡಳು. ನಿಜ ಬೇರೆಯಿತ್ತು. ಅವನು ತಮ್ಮನನ್ನು ನೋಡುವ ಕಣ್ಣಿನಲ್ಲಿ ತನ್ನನ್ನು ನೋಡಿಯಾನೆಂಬ ಭಯ ಅವಳಿಗಿತ್ತು. ಒಮ್ಮೆ ಕೃಷಿಮೇಳದಲ್ಲಿ ಕೆಂಪರಾಜುವಿಗೆ ಶಾಲು ಹೊದಿಸಿ, ಯೂರಿಯಾ ಬಿಟ್ಟ ರೈತ ಎಂದು ಹೊಗಳಿ, ಯಾಕೆ ಬಿಟ್ಟಿರಿ ಎಂದು ಮೈಕು ಕೊಟ್ಟರು. ಅವನು ಮೈಕನ್ನು ಕುರ್ಚಿಯ ಮೇಲಿಟ್ಟು ಇಳಿದು ಬಂದ. ಅವತ್ತೂ ಅವಳು ಬಾಯಿ ಬಿಡಲಿಲ್ಲ.

ಈಗ ಆ ಗೋಡೆಯಾಚೆ ಹನ್ನೊಂದು ದಿನದ ಕೂಸಿನ ಹೊಕ್ಕುಳು ಜಿನುಗುತ್ತಿತ್ತು. ಆಶ್ಚರ್ಯವೇನಿಲ್ಲ. ಹೊಂಬಾಳಮ್ಮ ಕೆಂಪರಾಜುವಿಗೆ ಸ್ವಂತ ಅಕ್ಕನ ಮಗಳು. ಜಯಪ್ರಕಾಶನಿಗೆ ತಂದದ್ದೂ ಇನ್ನೊಬ್ಬ ಸೋದರತ್ತೆಯ ಮಗಳು ದೀಪಿಕಳನ್ನೇ. ಸಂಬಂಧ ಹೊರಗೆ ಹೋಗಬಾರದೆಂದು ಮಾಡಿದ ಮದುವೆಗಳು. ಒಳಗೇ ಉಳಿದದ್ದು ಸಂಬಂಧ ಮಾತ್ರವಲ್ಲ.

ಹೊಂಬಾಳಮ್ಮ ಸೆರಗು ಸಿಕ್ಕಿಸಿಕೊಂಡು ಮುಂಬಾಗಿಲಿನಿಂದಲೇ ಹೊರಟು ಪಕ್ಕದ ಮನೆಯ ಹೊಸ್ತಿಲು ದಾಟಿದಳು. ನಡುಮನೆಯಲ್ಲಿ ಅವಳ ಓರಗಿತ್ತಿ, ನಾಗರಾಜುವಿನ ಹೆಂಡತಿ ದೇವಿರಮ್ಮ, ಕೆಂಪಾದ ಬಟ್ಟೆ ನೆನೆಹಾಕುತ್ತಿದ್ದಳು. ತಲೆಯೆತ್ತಿ ನೋಡಿ, ಬಟ್ಟೆಯನ್ನು ಬಕೆಟ್ಟಿನೊಳಗೆ ಅದುಮಿದಳು.

“ಯಾಕ್ ಬಂದೆ?”

“ಕೂಸ್‌ನ ಒಂದ್ಸಲ ತೋರ್ಸು ದೇವಿರಿ. ನಿನ್ ಕಾಲಿಗ್ ಬೀಳ್ತೀನಿ.”

“ಒಂಬತ್ ವರ್ಸ ಕೊಲೆಗಾರ್ರು ಅಂದ್ರಿ. ಈಗ ನಮ್ ಕೂಸಿನ್ ಮ್ಯಾಲ್ ಯಾಕ್ ಕಣ್ಣು?”

ಒಳಗಿನಿಂದ ನಾಗರಾಜು ಬಂದ. ದನಿ ಎತ್ತದೆ, “ಡಾಕ್ಟ್ರು ನೋಡವ್ರೆ ಅತ್ಗೆ. ರಿಪೋರ್ಟ್ ನಾರ್ಮಲ್ ಐತೆ. ಓಗಿ,” ಎಂದ.

“ಆ ರಿಪೋರ್ಟಲ್ಲಿ ಇದು ಗೊತ್ತಾಗಕಿಲ್ಲ ನಾಗರಾಜು. ಇದ್ಕೆ ಬ್ಯಾರೆ ಟೆಸ್ಟ್ ಐತೆ. ರಕ್ತದ ಎಪ್ಪನ್ನ ಯೂರಿಯಾಕ್ ಆಕಿ ನೋಡ್ಬೇಕು...”

ಆ ಪದ ಅವಳ ಬಾಯಿಂದ ಬೀಳಬಾರದಿತ್ತು. ಬಿದ್ದುಬಿಟ್ಟಿತು.

“ಬಂತು ನೋಡು ಯೂರಿಯಾ!” ದೇವಿರಮ್ಮ ಎದ್ದೇ ನಿಂತಳು. “ಇನ್ನೂ ಬುಡ್ನಿಲ್ವಾ ನೀನು? ನಿನ್ ಮಗಳ್ನ ಯೂರಿಯಾ ಆಕಿ ಕೊಂದೋ, ಈಗ ನಮ್ ಮೊಮ್ಮಗಿಗೂ ಅದೇ ಬಂತು ಅಂತ ಯೋಳಕ್ ಬಂದ್ಯಾ? ಎದ್ ನಡಿ ಈಚೆಗೆ!”

ದೇವಿರಮ್ಮನ ತಪ್ಪೇನೂ ಇಲ್ಲ. ಒಂಬತ್ತು ವರ್ಷ ಆ ಪದದಿಂದ ಏಟು ತಿಂದವಳು ಇನ್ನೇನೆಂದಾಳು? ಹೊಂಬಾಳಮ್ಮ ಜಗಲಿಗೆ ಬಂದು ನಿಂತಳು. ಒಳಗೆ ಕೂಸು ಅಳುತ್ತಿತ್ತು, ಆದರೆ ನಿನ್ನೆಯ ಅಳುವಲ್ಲ; ಎರಡು ಸಲ ಕುಂಯ್ ಎಂದು ಸುಮ್ಮನಾಗುತ್ತಿತ್ತು. ಅವಳು ಅಲ್ಲೇ ಕೂತು ಸಂಘದ ಶಶಿರೇಖಾಗೆ ಫೋನು ಮಾಡಿದಳು. ತನ್ನ ತಮ್ಮನಿಗೆ ಇಂಥದ್ದೇ ಕಾಯಿಲೆಯಿದ್ದು ಆಸ್ಪತ್ರೆಗಳಲ್ಲೇ ಬೆಳೆದ ಹುಡುಗಿ ಅದು. ಈಗ ಮಂಡ್ಯದಲ್ಲಿ ಸಂಘದ ಓಡಾಟವೆಲ್ಲ ಅವಳದೇ.

“ಅಕ್ಕ, ನಾಳೆ ಅನ್ನಬೇಡಿ,” ಎಂದಳು ಶಶಿರೇಖಾ. “ಹೊಕ್ಕುಳಾದ ಮೇಲೆ ತಲೆಗೆ ಬರುತ್ತೆ. ತಲೆಗೆ ಬಂದ್ರೆ ಮುಗೀತು. ಈಗಲೇ ಹೊರಡಿಸಿ, ನಾನು ಆಸ್ಪತ್ರೆ ಗೇಟಲ್ಲೇ ಇರ್ತೀನಿ. ಒಪ್ಪದಿದ್ರೆ ನಿಮ್ಮ ಮಗಳ ಕಥೆ ಹೇಳಿ ಅಕ್ಕ. ಅದನ್ನ ಕೇಳಿ ಯಾರು ತಾನೇ ಒಪ್ಪಲ್ಲ?”

ಆ ಕಥೆ! ಮೂರು ಮನೆಯಲ್ಲಿ ನಡೆದ ಸುಳ್ಳು ಈ ಮನೆಯಲ್ಲಿ ನಡೆಯುವಂತಿರಲಿಲ್ಲ. ಮಂಜುಶ್ರೀಯ ಕಾಯಿಲೆ ಗೊತ್ತಾಗಿತ್ತೆಂದು ಈ ಮನೆಯ ಎಲ್ಲರಿಗೂ ಗೊತ್ತು. ಇಲ್ಲಿ ನಡೆಯುವುದಾದರೆ ನಿಜವೊಂದೇ. ನಿಜ ಹೇಳಿದರೆ ಗಂಡ ಹೋಗುತ್ತಾನೆ, ಹೇಳದಿದ್ದರೆ ಕೂಸು ಹೋಗುತ್ತದೆ. ಹೊಂಬಾಳಮ್ಮ ಎದ್ದು ಮತ್ತೆ ಅದೇ ಹೊಸ್ತಿಲು ದಾಟಿದಳು.

ಅದೇ ಹೊತ್ತಿಗೆ ಕೆಂಪರಾಜು ಹುಲ್ಲಿನ ಹೊರೆ ಕಟ್ಟಿಕೊಂಡು ಗಾಡಿಯಲ್ಲಿ ಬಂದ. ಹೆಂಡತಿ ತಮ್ಮನ ಮನೆಯೊಳಗೆ ಹೋಗುವುದನ್ನು ಕಂಡು, ಗಾಡಿಗೆ ಸ್ಟ್ಯಾಂಡನ್ನೂ ಹಾಕದೆ ಬಿಸಾಕಿ ಓಡಿಬಂದು ಬಾಗಿಲಲ್ಲಿ ನಿಂತು ಗರ್ಜಿಸಿದ.

“ಏಯ್, ಬಾರೆ ಈಚೆಗೆ! ನನ್ ಮಗಳ ಸಾಯ್ಸ್‌ದೋರ ಮನೇಲಿ ನಿಂಗೇನೆ ಕೆಲ್ಸ?”

“ಅವ್ರು ಸಾಯ್ಸ್‌ನಿಲ್ಲ,” ಎಂದಳು ಹೊಂಬಾಳಮ್ಮ. “ಯೂರಿಯಾನೂ ಸಾಯ್ಸ್‌ನಿಲ್ಲ. ಸಾಯ್ಸಿದ್ದು ನಾನು.”

ನಾಗರಾಜು, ದೇವಿರಮ್ಮ, ಜಯಪ್ರಕಾಶ, ಕೋಣೆಯ ಬಾಗಿಲಲ್ಲಿ ಕೂಸನ್ನು ಎದೆಗವುಚಿಕೊಂಡ ದೀಪಿಕ, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ನೋಡುತ್ತಿದ್ದದ್ದು ಗಂಡನನ್ನು.

“ಯೂರಿಯಾ ಲ್ಯಾಬಲ್ಲಿ ಟೆಸ್ಟ್ ಮಾಡಕ್ಕೆ ಮಾತ್ರ. ಗದ್ದೆ ಯೂರಿಯಾಕ್ಕೂ ಮಂಜಿ ಕಾಯ್ಲೆಗೂ ಏನೇನೂ ಸಂಬಂದ ಇಲ್ಲ. ನಾಲ್ಕ್ ವಾರಕ್ಕೊಂದ್ಸಲ ಏರಿಸ್ಬೇಕು ಅಂತ ಡಾಕ್ಟ್ರು ಯೋಳಿದ್ರು. ಪರೀಕ್ಸೆ ಐತೆ, ಬ್ಯಾಡ ಬುಡು ಅಂದೋಳು ನಾನು. ಏರ್ಸಿದ್ರೆ ಅವ್ಳು ತಲೆಬಾಗ್ಲಿಗ್ ಬಡಿಸ್ಕಂಡಾಗ ಸಾಯ್ತಿರ್ನಿಲ್ಲ. ಮಂಡ್ಯದ ಮೀಟಿಂಗಲ್ಲಿ ಯೋಳಿದ್ರು. ಎಂಟ್ ವರ್ಸದಿಂದ ನಂಗ್ ಗೊತ್ತು. ನಿಂಗ್ ಯೋಳಕ್ ಬಾಯಿ ಬರ್ನಿಲ್ಲ.” ಅವಳು ನಾಗರಾಜುವಿನ ಕಡೆ ತಿರುಗಿದಳು. “ನೀವ್ ನಂಗ್ ಉಗೀರಿ, ಒಡೀರಿ, ಊರ್ ಮುಂದೆ ನಿಲ್ಸಿ. ಕೂಸಿಗೂ ಅದೇ ಬಂದೈತೆ ನಾಗರಾಜು. ಇದ್ಕೂ ನಾನೇ ಸುಮ್ಕಿದ್ದೆ ಅಂತ ಮಾಡ್ಬ್ಯಾಡಿ.”

ಕೆಂಪರಾಜು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಆಮೇಲೆ ತಿರುಗಿ ಮೆಟ್ಟಿಲಿಳಿದು, ಬಿದ್ದಿದ್ದ ಗಾಡಿಯನ್ನು ಎತ್ತದೆ, ಗದ್ದೆಯ ಕಡೆ ನಡೆದುಹೋದ. ಹೊಂಬಾಳಮ್ಮ ಅವನ ಹಿಂದೆ ಹೋಗಲಿಲ್ಲ.

ಮೊದಲು ಮಾತಾಡಿದವಳು ದೀಪಿಕ. ತಾಯಿಯಿಲ್ಲದ ಹುಡುಗಿ, ಬಾಣಂತನ ಅತ್ತೆಯ ಮನೆಯಲ್ಲೇ. ಅಲ್ಲಿಯವರೆಗೆ ಎದುರು ಮಾತಾಡಿದವಳಲ್ಲ. “ನಾನ್ ಓಯ್ತೀನಿ ದೊಡ್ಡತ್ತೆ. ಆಟೋ ಕರೀರಿ,” ಎಂದಳು.

“ಅನ್ನೊಂದ್ ದಿನದ ಬಾಣಂತಿ ಒಸ್ಲು ದಾಟ್ತಾರೇನೆ?” ಎಂದಳು ದೇವಿರಮ್ಮ. ಅವಳ ಮಾತಿನಲ್ಲಿ ಮೊದಲಿನ ಕಸುವಿರಲಿಲ್ಲ.

“ಕೂಸ್ ಆಲ್ ಕುಡೀತಿಲ್ಲ ಅತ್ತೆ,” ಎಂದು ದೀಪಿಕ ಅತ್ತುಬಿಟ್ಟಳು. “ಬೆಳಿಗ್ಗೆಯಿಂದ ಕುಡ್ದಿಲ್ಲ.”

ದೇವಿರಮ್ಮ ಒಳಗೆ ಹೋಗಿ ಕಂಬಳಿ ತಂದು ಸೊಸೆಯ ತಲೆಗೆ, ಕಿವಿಗೆ ಸುತ್ತಿದಳು.

ಆಟೋದಲ್ಲಿ ಕೂಸು ಹೊಂಬಾಳಮ್ಮನ ಮಡಿಲಲ್ಲಿತ್ತು. ನೂರಾರು ಮಕ್ಕಳನ್ನು ಎತ್ತಿದ ಕೈ ಅದು, ಕೂಸು ಎಷ್ಟು ಹಗುರವಾಗಿದೆಯೆಂದು ಎತ್ತುತ್ತಲೇ ಗೊತ್ತಾಯಿತು. ತುಟಿ ಬೆಳ್ಳಗಾಗಿತ್ತು. ಮದ್ದೂರು ದಾಟುವಾಗ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ತೆವಳುತ್ತಿದ್ದವು. ಜಯಪ್ರಕಾಶ ಡ್ರೈವರನ್ನು ಬೈದ, ಡ್ರೈವರು ಟ್ರ್ಯಾಕ್ಟರಿನವರನ್ನು ಬೈದ. ಹೊಂಬಾಳಮ್ಮ ಕೂಸಿನ ನೆತ್ತಿಯ ಮೇಲೆ ಬೆರಳಿಟ್ಟು ಅದು ಉಬ್ಬಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ದೀಪಿಕ ಅವಳ ಬೆರಳನ್ನೇ ನೋಡುತ್ತಿದ್ದಳು.

ಮಂಡ್ಯದ ದೊಡ್ಡಾಸ್ಪತ್ರೆಯ ಗೇಟಿನಲ್ಲಿ ಶಶಿರೇಖಾ ಕಾದಿದ್ದಳು. ಮೊದಲು ಸ್ಯಾಂಪಲ್ ತೆಗೆಯಿರಿ, ಆಮೇಲೆ ಏರಿಸಿ, ಏರಿಸಿದ ಮೇಲೆ ತೆಗೆದರೆ ಕಾಯಿಲೆ ಸಿಕ್ಕಲ್ಲ ಎಂದು ಅವಳು ಡ್ಯೂಟಿ ಡಾಕ್ಟರಿಗೆ ಮೂರು ಸಲ ಹೇಳಿದಳು. ಅವರು ಮೂರು ಸಲವೂ ಸರಿಯಮ್ಮ ಎಂದರು, ಹಾಗೆಯೇ ಮಾಡಿದರು. ಸ್ಯಾಂಪಲ್ ಬೆಂಗಳೂರಿಗೆ ಹೊರಟಿತು. ಕೂಸಿನ ನೆತ್ತಿಯ ಮೇಲೆ ಯಂತ್ರವಿಟ್ಟು ನೋಡಿ ತಲೆಯಲ್ಲಿ ಇನ್ನೂ ಏನೂ ಆಗಿಲ್ಲ ಎಂದರು. ಇನ್ನೂ ಎಂಬ ಪದ ಕೇಳಿ ದೀಪಿಕ ಗೋಡೆಗೆ ಒರಗಿದಳು. ರಕ್ತನಿಧಿಯಿಂದ ತಂದ, ರಕ್ತದಿಂದ ಬೇರ್ಪಡಿಸಿದ ಹಳದಿ ನೀರು ಹನಿ ಹನಿಯಾಗಿ ಕೂಸಿನ ಮೈ ಸೇರಿತು. ನಾಲ್ಕು ಗಂಟೆಗೆ ನರ್ಸು ಪಟ್ಟಿ ಬಿಚ್ಚಿದಾಗ ಹತ್ತಿ ಬೆಳ್ಳಗೇ ಇತ್ತು. ಐದಕ್ಕೆ ಕೂಸು ಹಾಲಿಗೆ ಬಾಯಿ ಹಾಕಿತು.

ಬಳಸಿದ್ದಕ್ಕೆ ಬದಲಾಗಿ ಮನೆಯವರು ಇಬ್ಬರು ರಕ್ತ ಕೊಟ್ಟರೆ ಒಳ್ಳೆಯದೆಂದು ರಕ್ತನಿಧಿಯವರು ಹೇಳಿದ್ದರು. ಹಿಂದಿನಿಂದ ಬಸ್ಸಿನಲ್ಲಿ ಬಂದ ನಾಗರಾಜು ಕೊಡಲು ಹೋದ. ಅವನಿಗೆ ನೀರು ಕೊಡೋಣವೆಂದು ಹೊಂಬಾಳಮ್ಮ ಬಾಟಲಿ ಹಿಡಿದುಕೊಂಡು ಒಳಗೆ ಹೋದರೆ, ಪಕ್ಕದ ಮಂಚದ ಮೇಲೆ ಕೆಂಪರಾಜು ಮಲಗಿದ್ದ. ಯಾವಾಗ ಬಂದನೋ, ಯಾರನ್ನು ಕೇಳಿಕೊಂಡು ಬಂದನೋ. ಗದ್ದೆಯ ಕೆಸರು ಇನ್ನೂ ಕಾಲಿನಲ್ಲಿತ್ತು. ಅಣ್ಣತಮ್ಮಂದಿರ ಇಬ್ಬರ ಕೈಯಲ್ಲೂ ಸೂಜಿ. ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ಫ್ಯಾನು ನೋಡುತ್ತಿದ್ದರು. ಎದ್ದು ಹೋಗೋಣವೆಂದರೆ ಇಬ್ಬರಿಗೂ ಆಗುವಂತಿರಲಿಲ್ಲ.

“ಎಲ್ಡ್ ಸಲ ಫೋನ್ ಬಂದಿತ್ತು,” ಎಂದ ಕೆಂಪರಾಜು, ಫ್ಯಾನಿಗೆ ಹೇಳುವವನಂತೆ.

ಹೊಂಬಾಳಮ್ಮ ನಿಂತಲ್ಲೇ ನಿಂತಳು.

“ಬೆಂಗ್ಳೂರಿಂದ. ಮಂಜಿ ಡೇಟ್ ಮೀರೈತೆ, ಕರ್ಕ ಬನ್ನಿ ಅಂತ. ಆವಾಗ ಕಬ್ಬು ಕಡೀತಿದ್ರು. ಆಯ್ತು ಬತ್ತೀವಿ ಅಂದೆ. ಇನ್ನೊಂದ್ಸಲ ಮಾಡಿದ್ರು, ಆಗ್ಲೂ ಆಯ್ತು ಅಂದೆ. ನಿಂಗ್ ಯೋಳ್ನಿಲ್ಲ.” ಸೂಜಿಯಿಲ್ಲದ ಕೈಯಿಂದ ಮಂಚದ ಅಂಚು ಹಿಡಿದುಕೊಂಡ. “ಮೂಟೆ ಮ್ಯಾಲ್ ಆಕ್ದೆ ಎಲ್ಲಾನೂ. ಇವನ್ ಮ್ಯಾಲ್ ಆಕ್ದೆ.”

ಹೊಂಬಾಳಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಬಾಟಲಿಯನ್ನು ಅವನ ಮುಖಕ್ಕೆ ಎಸೆಯುವಷ್ಟು ಸಿಟ್ಟು. ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಬೆನ್ನು ತಿರುಗಿಸಿ ಮಲಗಿ, ತಾನೊಬ್ಬಳೇ ಕೊಂದೆನೆಂದು ಅವಳು ಸತ್ತು ಸತ್ತು ಬದುಕಿದ್ದಳು. ಅವನು ಆಚೆ ಬದಿಯಲ್ಲಿ ಅದನ್ನೇ ಮಾಡುತ್ತಿದ್ದ. ಎರಡು ಮಾತು, ಎರಡೇ ಮಾತು ಆಡಿಕೊಂಡಿದ್ದರೆ!

ನಾಗರಾಜು ಏಳಲು ಹೋದ. ನರ್ಸು ಗದರಿ ಮಲಗಿಸಿದಳು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಆಮೇಲೆ ಹೇಳಿದ.

“ಮಂಜಿಗ್ ಮಣ್ ಆಕಕ್ ಬಂದಿದ್ದೆ ನಾನು. ಎದೆ ಮ್ಯಾಲ್ ಕೈ ಮಡಗಿ ತಳ್‌ಬುಟ್ಟೆ ನೀನು. ನನ್ ಎಗಲ್ ಮ್ಯಾಲ್ ಬೆಳ್ದ್ ಮೊಗ ಅಣ್ಣಯ್ಯ ಅದು. ಒಂದ್ ಇಡಿ ಮಣ್ ಆಕಕ್ ಬುಡ್ನಿಲ್ಲ ನನ್ನ.”

ನರ್ಸು ಬಂದು ಕೆಂಪರಾಜುವಿನ ಕೈಯ ಸೂಜಿ ತೆಗೆದು, ಹತ್ತಿ ಒತ್ತಿ, ಹತ್ತು ನಿಮಿಷ ಬಿಟ್ಟು ಏಳಿ ಎಂದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅವನು ಏಳಲಿಲ್ಲ. ತಮ್ಮನ ಮಂಚದ ಕಡೆ ಮಗ್ಗುಲಾಗಿ ಮಲಗಿ ಅವನ ಬೆನ್ನನ್ನು ನೋಡುತ್ತಿದ್ದ.

ಗುರುವಾರ ಬೆಂಗಳೂರಿನಿಂದ ರಿಪೋರ್ಟು ಬಂತು. ಕೂಸಿನ ರಕ್ತದ ಹೆಪ್ಪು ಕರಗಿಹೋಗಿತ್ತು. ಡಾಕ್ಟರು ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡು ನಿಧಾನವಾಗಿ ವಿವರಿಸಿದರು: ಕಾಯಿಲೆ ಹೋಗುವುದಲ್ಲ, ಬದುಕಿರುವವರೆಗೂ ಇರುವುದು, ನಾಲ್ಕು ವಾರಕ್ಕೊಮ್ಮೆ ತಂದು ಏರಿಸಿದರೆ ಎಲ್ಲರ ಹಾಗೆ ಬೆಳೆಯುತ್ತದೆ, ಚೆನ್ನಾಗಿದೆಯೆಂದು ಒಂದು ತಿಂಗಳೂ ಬಿಡುವಂತಿಲ್ಲ. ಅರ್ಥವಾಯಿತೇ ಎಂದು ಕೇಳಿದರು. ಎಲ್ಲರೂ ತಲೆಯಾಡಿಸಿದರು.

“ತಲೆ ಆಡ್ಸೋದ್ ಬ್ಯಾಡ,” ಎಂದಳು ಹೊಂಬಾಳಮ್ಮ. ಡಾಕ್ಟರೇ ಬೆಚ್ಚಿ ನೋಡಿದರು. “ಡಾಕ್ಟ್ರು ಏನಂದ್ರು ಅಂತ ಬಾಯ್‌ಬಿಟ್ ಯೋಳಿ. ಒಬ್ಬೊಬ್ರೇ. ಯೋಳು ಜಯಪ್ರಕಾಸ.”

ಜಯಪ್ರಕಾಶ ಹೇಳಿದ. ದೀಪಿಕ ಹೇಳಿದಳು. ದೇವಿರಮ್ಮ ಐದು ವಾರ ಎಂದು ತಪ್ಪಿ, ಬೈಸಿಕೊಂಡು, ಇನ್ನೊಮ್ಮೆ ಸರಿಯಾಗಿ ಹೇಳಿದಳು. ನಾಗರಾಜು ಬೆರಳು ಮಡಿಸಿಕೊಂಡು ಹೇಳಿದ. ಕೊನೆಗೆ ಬಾಗಿಲ ಹತ್ತಿರ ನಿಂತಿದ್ದ ಕೆಂಪರಾಜುವಿನ ಸರದಿ. ಅವನು ನೆಲ ನೋಡುತ್ತಿದ್ದ.

“ಯೋಳು,” ಎಂದಳು.

ಡಾಕ್ಟರು, ಹೋಗಲಿ ಬಿಡಿ ಅಮ್ಮ, ಅವರಿಗೆ ಗೊತ್ತಿದೆ ಎಂದರು.

“ಗೊತ್ತಿದ್ದೇ ಇಂಗಾಗಿದ್ದು ಸಾರ್,” ಎಂದಳು ಅವಳು. “ಯೋಳು ಅಂದೆ.”

“ನಾಲ್ಕ್... ನಾಲ್ಕ್ ವಾರಕ್ಕೊಂದ್ಸಲ,” ಎಂದ ಕೆಂಪರಾಜು. ಅಷ್ಟು ಹೇಳಿ, ಮಗಳು ಸತ್ತ ದಿನವೂ ಅಳದ ಗಂಡಸು, ಆ ಎಲ್ಲರ ಮುಂದೆ ಹುಡುಗರ ಹಾಗೆ ಬಿಕ್ಕಿಬಿಕ್ಕಿ ಅತ್ತ. ಹೊಂಬಾಳಮ್ಮ ಅವನನ್ನು ಸಮಾಧಾನ ಮಾಡಲಿಲ್ಲ. ಅವನು ಅಳು ಮುಗಿಸುವವರೆಗೆ ಕಾದು, ಉಳಿದದ್ದನ್ನೂ ಅವನ ಬಾಯಿಂದಲೇ ಹೇಳಿಸಿದಳು.